ಪ್ರೋಗ್ರಾಂ ಕೇಳಿದ್ದು ಯಾವ ಹೆಸರು, ಸಿಕ್ಕ ಉತ್ತರ ಏನು?

“ಫೋಲ್ಡರ್ ಕ್ರಿಯೇಟ್ ಆಗ್ತಿಲ್ಲ” ಎಂಬ ದೂರು ಬಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಕೋಡ್ ತೆರೆದು, ಫೋಲ್ಡರ್ ಮಾಡುವ ಸಾಲನ್ನು ಹುಡುಕಿ, ಅದನ್ನೇ ದಿಟ್ಟಿಸುತ್ತ ಕೂರುತ್ತೇವೆ. ಆ ಸಾಲಿನಲ್ಲಿ ತಪ್ಪಿರುವುದು ಅಪರೂಪ. ಆ ಸಾಲಿಗೆ ಬಂದು ಸೇರಿದ ಹೆಸರು ಕೆಟ್ಟಿರುತ್ತದೆ, ಇಲ್ಲವೇ ಆಪರೇಟಿಂಗ್ ಸಿಸ್ಟಂ ಕೊಟ್ಟ ಉತ್ತರವನ್ನು ಯಾರೂ ಓದಿರುವುದಿಲ್ಲ. ಹಾಗಾಗಿ ಕೋಡ್ ಓದುವ ಮುಂಚೆ ಎರಡು ವಿಷಯ ಕೈಯಲ್ಲಿರಬೇಕು: ಪ್ರೋಗ್ರಾಂ ಕೇಳಿದ ಪೂರ್ತಿ ಪಾತ್ (ಡ್ರೈವ್‌ನಿಂದ ಫೈಲ್‌ವರೆಗಿನ ವಿಳಾಸ) ಯಾವುದು, ಅದಕ್ಕೆ ಸಿಕ್ಕ ಎರರ್ ಕೋಡ್ ಎಷ್ಟು. ಇವತ್ತು ಹೇಳುವುದೆಲ್ಲ ಈ ಎರಡರ ಸುತ್ತಲೇ ಇರುತ್ತದೆ.

ನಿಮ್ಮ ಪ್ರೋಗ್ರಾಂನ ಲಾಗ್‌ನಲ್ಲಿ, ಅಂದರೆ ಅದು ತನ್ನ ಕೆಲಸವನ್ನು ಬರೆದಿಡುವ ಫೈಲ್‌ನಲ್ಲಿ, “ಫೈಲ್ ಉಳಿಸಲು ಆಗಲಿಲ್ಲ” ಎಂದಷ್ಟೇ ಬರೆಯುತ್ತಿದ್ದರೆ ಮೊದಲು ಅದನ್ನು ಸರಿಮಾಡಿ. ಪೂರ್ತಿ ಪಾತ್ ಬರೆಯಿರಿ, ಅದೂ ಎರಡು ಕಡೆ ಚೌಕ ಕಂಸ ಹಾಕಿ. ಕಂಸ ಯಾಕೆ ಅಂದರೆ, ಹೆಸರಿನ ಕೊನೆಯಲ್ಲಿ ಸ್ಪೇಸ್ ಸೇರಿಕೊಂಡಿದ್ದರೆ ಕಂಸವಿಲ್ಲದೆ ಅದು ಕಣ್ಣಿಗೆ ಬೀಳುವುದಿಲ್ಲ. ಹೆಸರಿನ ಉದ್ದ ಎಷ್ಟು ಅಕ್ಷರ ಎಂಬುದನ್ನೂ ಪಕ್ಕದಲ್ಲೇ ಹಾಕಿ. ಎರರ್ ಕೋಡನ್ನು ಸಂಖ್ಯೆಯಾಗಿಯೇ ಬರೆಯಿರಿ, ವಾಕ್ಯವಾಗಿ ಅಲ್ಲ. ಆ ಕ್ಷಣದ ಕರೆಂಟ್ ಡೈರೆಕ್ಟರಿ (ಪ್ರೋಗ್ರಾಂ ಆಗ ನಿಂತಿರುವ ಫೋಲ್ಡರ್) ಯಾವುದು, ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ಯಾವ ಬಳಕೆದಾರರ ಹೆಸರಲ್ಲಿ ಓಡುತ್ತಿದೆ, ಇವೂ ಇರಲಿ. ಇಷ್ಟಿದ್ದರೆ ಅರ್ಧಕ್ಕಿಂತ ಹೆಚ್ಚು ದೂರುಗಳು ಲಾಗ್ ಓದುವಾಗಲೇ ಮುಗಿಯುತ್ತವೆ.

ಕರೆಂಟ್ ಡೈರೆಕ್ಟರಿಯಿಂದಲೇ ಶುರುಮಾಡೋಣ. ಕೋಡ್‌ನಲ್ಲಿ ನೀವು ಬರೀ “ಔಟ್‌ಪುಟ್” ಎಂಬ ಫೋಲ್ಡರ್ ಮಾಡಲು ಹೇಳಿದ್ದೀರಿ. ಅದು ಎಲ್ಲಿ ಹುಟ್ಟಬೇಕು? ಪ್ರೋಗ್ರಾಂ ಇರುವ ಜಾಗದಲ್ಲಿ ಎಂದು ನಾವು ಅಂದುಕೊಂಡಿರುತ್ತೇವೆ. ಆಪರೇಟಿಂಗ್ ಸಿಸ್ಟಂ ಹಾಗೆ ಅಂದುಕೊಂಡಿಲ್ಲ. ಅದು ಕರೆಂಟ್ ಡೈರೆಕ್ಟರಿಗೆ ಆ ಹೆಸರನ್ನು ಜೋಡಿಸುತ್ತದೆ ಅಷ್ಟೆ. ವಿಷುವಲ್ ಸ್ಟುಡಿಯೋದಲ್ಲಿ ಸಿ++ ಪ್ರಾಜೆಕ್ಟನ್ನು ಡಿಬಗರ್‌ನಿಂದ ಓಡಿಸಿದರೆ ಅದು ಪ್ರಾಜೆಕ್ಟ್ ಫೋಲ್ಡರ್. ಎಕ್ಸ್‌ಪ್ಲೋರರ್‌ನಲ್ಲಿ ಡಬಲ್ ಕ್ಲಿಕ್ ಮಾಡಿದರೆ ಇಎಕ್ಸ್‌ಇ ಇರುವ ಫೋಲ್ಡರ್. ಶಾರ್ಟ್‌ಕಟ್‌ನಿಂದ ತೆರೆದರೆ ಅದರ ಪ್ರಾಪರ್ಟೀಸ್‌ನಲ್ಲಿ “ಸ್ಟಾರ್ಟ್ ಇನ್” ಎಂಬ ಕಡೆ ಏನಿದೆಯೋ ಅದು. ಟಾಸ್ಕ್ ಷೆಡ್ಯೂಲರ್‌ನಲ್ಲಿ ಆ ಜಾಗ ಖಾಲಿ ಬಿಟ್ಟರೆ ಸಿಸ್ಟಂ32. ಒಂದೇ ಇಎಕ್ಸ್‌ಇ, ಒಂದೇ ಕೋಡ್, ನಾಲ್ಕು ಜಾಗ. “ನನ್ನ ಮಷೀನ್‌ನಲ್ಲಿ ಸರಿ ಇದೆ” ಎಂಬ ಮಾತಿನ ಹಿಂದೆ ಬಹಳ ಸಲ ಇರುವುದು ಇದೇ.

ಇದರಲ್ಲಿ ಇನ್ನೂ ಒಂದು ಕಿರಿಕಿರಿ ಇದೆ. ಪ್ರೋಗ್ರಾಂ ಓಡುತ್ತಿರುವಾಗಲೇ ಕರೆಂಟ್ ಡೈರೆಕ್ಟರಿ ಬದಲಾಗಬಹುದು. ವಿಂಡೋಸ್‌ನ ಫೈಲ್ ಓಪನ್ ಡೈಲಾಗ್‌ನಲ್ಲಿ ಬಳಕೆದಾರ ಬೇರೆ ಫೋಲ್ಡರ್‌ಗೆ ಹೋಗಿ ಒಂದು ಫೈಲ್ ಆರಿಸಿದರೆ, ಡೈಲಾಗ್ ಮುಚ್ಚುವಷ್ಟರಲ್ಲಿ ಪ್ರೋಸೆಸ್‌ನ ಕರೆಂಟ್ ಡೈರೆಕ್ಟರಿಯೂ ಅಲ್ಲಿಗೆ ಹೋಗಿರಬಹುದು. ಮೊದಲ ಸಲ ಸೇವ್ ಮಾಡಿದ್ದು ಸರಿಯಾದ ಜಾಗಕ್ಕೆ, ಒಂದು ಫೈಲ್ ತೆರೆದ ಮೇಲೆ ಸೇವ್ ಮಾಡಿದ್ದು ಇನ್ನೆಲ್ಲಿಗೋ. “ಕೆಲವೊಮ್ಮೆ ಆಗುತ್ತೆ, ಕೆಲವೊಮ್ಮೆ ಆಗಲ್ಲ” ಎಂದು ಬಳಕೆದಾರ ಹೇಳಿದರೆ ಆತನ ಮೇಲೆ ಸಿಟ್ಟಾಗಬೇಡಿ, ಆತ ನಿಜವನ್ನೇ ಹೇಳುತ್ತಿದ್ದಾನೆ. ಪರಿಹಾರ ಸರಳ: ಪ್ರೋಗ್ರಾಂ ಶುರುವಾದ ಕೂಡಲೇ ಒಂದು ಬೇರು ಫೋಲ್ಡರನ್ನು ಪೂರ್ತಿ ಪಾತ್ ಆಗಿ ನಿಗದಿಮಾಡಿ, ಉಳಿದ ಎಲ್ಲ ಹೆಸರನ್ನೂ ಅದಕ್ಕೇ ಜೋಡಿಸಿ.

ಆ ಬೇರು ಫೋಲ್ಡರ್ ಯಾವುದಿರಬೇಕು ಎಂಬುದನ್ನು ಆಮೇಲೆ ನೋಡೋಣ. ಮೊದಲು ಎರರ್ ಕೋಡ್.

ವಿಂಡೋಸ್‌ನಲ್ಲಿ 2 ಅಂದರೆ ಫೈಲ್ ಇಲ್ಲ, 3 ಅಂದರೆ ಪಾತ್ ಇಲ್ಲ. ಎರಡೂ ಒಂದೇ ಎಂದು ತಳ್ಳಿಹಾಕಬೇಡಿ. ಹೊಸ ಫೈಲ್ ಮಾಡಲು ಹೋದಾಗ 3 ಬಂದರೆ ಕೊನೆಯ ಹೆಸರಿನದ್ದಲ್ಲ ತೊಂದರೆ, ಅದರ ಮುಂಚಿನ ಯಾವುದೋ ಫೋಲ್ಡರ್ ಇಲ್ಲ ಎಂದರ್ಥ. ಫೋಲ್ಡರ್ ಮಾಡುವ ವಿಂಡೋಸ್ ಫಂಕ್ಷನ್ ಕ್ರಿಯೇಟ್‌ಡೈರೆಕ್ಟರಿ ಒಂದು ಸಲಕ್ಕೆ ಒಂದೇ ಮಟ್ಟ ಮಾಡುತ್ತದೆ. 2025, ಅದರೊಳಗೆ ಮೇ, ಅದರೊಳಗೆ ವರದಿ ಎಂದು ಮೂರು ಮಟ್ಟ ಒಟ್ಟಿಗೆ ಕೇಳಿದರೆ 3 ಬರುತ್ತದೆ. ಡಾಟ್‌ನೆಟ್‌ನ ಡೈರೆಕ್ಟರಿ.ಕ್ರಿಯೇಟ್‌ಡೈರೆಕ್ಟರಿ ಎಲ್ಲ ಮಟ್ಟವನ್ನೂ ತಾನೇ ಮಾಡಿಕೊಳ್ಳುತ್ತದೆ. ಹೆಸರು ಒಂದೇ, ನಡತೆ ಬೇರೆ. ಒಂದು ಭಾಷೆಯಿಂದ ಇನ್ನೊಂದಕ್ಕೆ ಕೋಡ್ ಸಾಗಿಸುವಾಗ ಇಲ್ಲಿ ಎಡವುತ್ತಾರೆ.

32 ಅಂದರೆ ಬೇರೆ ಯಾರೋ ಆ ಫೈಲನ್ನು ಹಿಡಿದುಕೊಂಡಿದ್ದಾರೆ. 112 ಡಿಸ್ಕ್ ತುಂಬಿದೆ. 123 ಹೆಸರೇ ಸರಿಯಿಲ್ಲ. 183 ಆಗಲೇ ಇದೆ. 206 ಹೆಸರು ಉದ್ದವಾಯಿತು. ಇವುಗಳ ಅರ್ಥ ನೇರವಾಗಿದೆ. ನೇರವಾಗಿಲ್ಲದ್ದು 5.

5 ಅಂದರೆ “ಆಕ್ಸೆಸ್ ಡಿನೈಡ್”. ಕೇಳಿದ ಕೂಡಲೇ ಎಲ್ಲರೂ ಅನುಮತಿ, ಪರ್ಮಿಷನ್, ಅಡ್ಮಿನಿಸ್ಟ್ರೇಟರ್ ಎಂದು ಓಡುತ್ತಾರೆ. ಆದರೆ ಈ 5 ಕನಿಷ್ಠ ಐದು ಕಾರಣಕ್ಕೆ ಬರುತ್ತದೆ. ಒಂದು, ನಿಜವಾಗಿಯೂ ಆ ಫೋಲ್ಡರ್‌ಗೆ ಬರೆಯುವ ಅನುಮತಿ ಇಲ್ಲ. ಎರಡು, ನೀವು ಫೈಲ್ ಎಂದುಕೊಂಡು ತೆರೆಯುತ್ತಿರುವುದು ವಾಸ್ತವದಲ್ಲಿ ಒಂದು ಫೋಲ್ಡರ್. ಪಾತ್‌ಗೆ ಫೈಲ್ ಹೆಸರು ಜೋಡಿಸುವುದೇ ಮರೆತುಹೋಗಿದೆ. ಮೂರು, ಅಲ್ಲಿ ಆಗಲೇ ಇರುವ ಫೈಲ್ ರೀಡ್ ಓನ್ಲಿ. ನಾಲ್ಕು, ಆ ಫೈಲ್ ಹಿಡನ್: ಹಿಡನ್ ಅಥವಾ ಸಿಸ್ಟಂ ಎಂದು ಗುರುತು ಹಾಕಿದ ಫೈಲನ್ನು, ಅದೇ ಗುರುತು ಕೊಡದೆ, ಹೊಸದಾಗಿ ಬರೆದುಬಿಡು ಎಂದು ಕೇಳಿದರೆ ವಿಂಡೋಸ್ 5 ಎನ್ನುತ್ತದೆ. ತಾನೇ ಮಾಡಿದ ಸೆಟಿಂಗ್ಸ್ ಫೈಲನ್ನು ಹಿಡನ್ ಮಾಡುವ ಪ್ರೋಗ್ರಾಂ ಮೊದಲ ಸಲ ಸೇವ್ ಮಾಡಿ ಎರಡನೇ ಸಲ ಸೋಲುವುದು ಇದಕ್ಕೇ. ಐದು, ಆ ಹೆಸರಿನ ಫೈಲ್ ಅಥವಾ ಫೋಲ್ಡರನ್ನು ಅಳಿಸಿದ್ದೀರಿ, ಆದರೆ ಅಳಿಸುವಿಕೆ ಇನ್ನೂ ಮುಗಿದಿಲ್ಲ. “ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ ನೋಡಿ” ಎಂಬ ಸಲಹೆ ಈ ಐದರಲ್ಲಿ ಮೊದಲನೆಯದಕ್ಕೆ ಮಾತ್ರ ಮದ್ದು.

ಅಂದಹಾಗೆ, ಫೋಲ್ಡರ್‌ನ ಪ್ರಾಪರ್ಟೀಸ್‌ನಲ್ಲಿ ರೀಡ್ ಓನ್ಲಿ ಎಂಬ ಚೌಕ ತುಂಬಿರುವುದನ್ನು ನೋಡಿ “ಸಿಕ್ಕಿತು ಕಳ್ಳ” ಎನ್ನುವವರಿದ್ದಾರೆ. ವಿಂಡೋಸ್‌ನಲ್ಲಿ ಫೋಲ್ಡರ್ ಮೇಲಿನ ಆ ಗುರುತು ಅದರೊಳಗೆ ಫೈಲ್ ಮಾಡುವುದನ್ನು ತಡೆಯುವುದಿಲ್ಲ. ಅದನ್ನು ತೆಗೆಯಲು ಸಮಯ ಹಾಳುಮಾಡಬೇಡಿ.

ಎರರ್ ಕೋಡನ್ನು ಹಿಡಿಯುವ ವಿಧಾನದಲ್ಲೂ ಮೂರು ತಪ್ಪುಗಳು ಪದೇ ಪದೇ ಕಾಣುತ್ತವೆ. ಫೈಲ್ ಮಾಡುವ, ತೆರೆಯುವ ವಿಂಡೋಸ್ ಫಂಕ್ಷನ್ ಕ್ರಿಯೇಟ್‌ಫೈಲ್ ಸೋತರೆ ಮರಳಿಸುವುದು ಸೊನ್ನೆಯಲ್ಲ, ಮೈನಸ್ 1. ಸೊನ್ನೆಯೇ ಎಂದು ಪರೀಕ್ಷಿಸುವ ಕೋಡ್‌ಗೆ ಸೋಲು ಕಾಣುವುದೇ ಇಲ್ಲ. ಅದು ಮುಂದೆ ಹೋಗಿ ಬರೆಯುವ ಸಾಲಿನಲ್ಲಿ ಇನ್ನೇನೋ ದೋಷ ತೋರಿಸುತ್ತದೆ, ನೀವು ಅಲ್ಲಿ ಹುಡುಕುತ್ತೀರಿ. ಎರಡನೆಯದು, ಎರರ್ ಕೋಡ್ ಕೊಡುವ ಗೆಟ್‌ಲಾಸ್ಟ್‌ಎರರ್ ಅನ್ನು ತಡವಾಗಿ ಕರೆಯುವುದು. ಸೋತ ಮರುಸಾಲಿನಲ್ಲೇ ಅದನ್ನು ಒಂದು ವೇರಿಯೆಬಲ್‌ಗೆ ತುಂಬಿಕೊಳ್ಳಬೇಕು. ನಡುವೆ ಲಾಗ್ ಫೈಲ್ ತೆರೆಯುವ ಒಂದು ಸಾಲು ಬಂದರೂ ಹಳೆಯ ಎರರ್ ಕೋಡ್ ಅಳಿಸಿಹೋಗಬಹುದು. “ದೋಷ: ಕಾರ್ಯ ಯಶಸ್ವಿಯಾಗಿ ಮುಗಿದಿದೆ” ಎಂಬ ಮೆಸೇಜ್ ಬಾಕ್ಸ್ ನೋಡಿ ನಕ್ಕಿದ್ದೀರಲ್ಲ, ಅದು ಹುಟ್ಟುವುದು ಹೀಗೆ. ಮೂರನೆಯದು, ಸಿ ಲೈಬ್ರರಿಯ ಎರರ್ ಸಂಖ್ಯೆಯಾದ ಎರ್‌ನೋ ಒಂದನ್ನೇ ನಂಬುವುದು. ವಿಂಡೋಸ್‌ನ 5 ಮತ್ತು 32 ಎರಡೂ ಅಲ್ಲಿ 13 ಆಗುತ್ತವೆ; 2 ಮತ್ತು 3 ಎರಡೂ 2 ಆಗುತ್ತವೆ. ಪೈಥಾನ್‌ನಲ್ಲಿ ಫೈಲ್ ತೆರೆಯುವಾಗ “ಪರ್ಮಿಷನ್ ಡಿನೈಡ್, 13” ಎಂದು ಬಂದರೆ ಅದು ಅನುಮತಿಯ ಪ್ರಶ್ನೆ ಇರಬಹುದು, ಅಥವಾ ಎಕ್ಸೆಲ್‌ನಲ್ಲಿ ಅದೇ ಫೈಲ್ ತೆರೆದಿರಬಹುದು. ಎರಡನ್ನೂ ಬೇರ್ಪಡಿಸುವ ಮಾಹಿತಿ ಅಲ್ಲಿಗೆ ಬರುವಷ್ಟರಲ್ಲಿ ಕಳೆದುಹೋಗಿದೆ.

ಈಗ ಹೆಸರುಗಳ ವಿಷಯ. ನನ್ನ ಲೆಕ್ಕದಲ್ಲಿ ಅತ್ಯಂತ ಹೆಚ್ಚು ತಲೆ ತಿನ್ನುವ ತಪ್ಪುಗಳು ಇಲ್ಲಿರುವುದು.

ಪ್ರೋಗ್ರಾಂ ಪ್ರತಿ ಸಲ ಹೊಸ ವರದಿ ಮಾಡುವಾಗ ಹೆಸರಿಗೆ ಸಮಯ ಸೇರಿಸುತ್ತದೆ ಎಂದುಕೊಳ್ಳಿ. “ವರದಿ 10:30” ಎಂದು ಹೆಸರು, ಕೊನೆಗೆ ಚುಕ್ಕಿ ಹಾಕಿ ಟಿಎಕ್ಸ್‌ಟಿ. ಓಡಿಸಿದಿರಿ. ಎರರ್ ಇಲ್ಲ. ಬರೆಯುವುದೂ ಯಶಸ್ವಿ, ಕ್ಲೋಸ್ ಕೂಡ ಯಶಸ್ವಿ. ಫೋಲ್ಡರ್ ತೆರೆದು ನೋಡಿದರೆ “ವರದಿ 10” ಎಂಬ ಒಂದು ಫೈಲ್ ಇದೆ, ಎಕ್ಸ್‌ಟೆನ್ಷನ್ ಇಲ್ಲ, ಗಾತ್ರ 0 ಬೈಟ್. ಬರೆದದ್ದೆಲ್ಲ ಎಲ್ಲಿ ಹೋಯಿತು? ವಿಂಡೋಸ್ ಡಿಸ್ಕ್‌ಗಳ ಸಾಮಾನ್ಯ ಫೈಲ್ ಸಿಸ್ಟಂ ಆದ ಎನ್‌ಟಿಎಫ್‌ಎಸ್‌ನಲ್ಲಿ ಕೋಲನ್‌ಗೆ (:) ಬೇರೆ ಅರ್ಥವಿದೆ. ಒಂದು ಫೈಲ್‌ಗೆ ಮುಖ್ಯ ಡೇಟಾ ಅಲ್ಲದೆ ಇನ್ನಷ್ಟು ಹೆಸರುಳ್ಳ ಸ್ಟ್ರೀಮ್‌ಗಳು ಇರಬಹುದು. ಕೋಲನ್ ನಂತರ ಬರುವುದು ಆ ಸ್ಟ್ರೀಮ್‌ನ ಹೆಸರು. ನಿಮ್ಮ ವರದಿ ಪೂರ್ತಿಯಾಗಿ “30.ಟಿಎಕ್ಸ್‌ಟಿ” ಎಂಬ ಸ್ಟ್ರೀಮ್‌ನೊಳಗೆ ಕುಳಿತಿದೆ. ಎಕ್ಸ್‌ಪ್ಲೋರರ್ ಅದನ್ನು ತೋರಿಸುವುದಿಲ್ಲ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಡಿಐಆರ್ ಕಮಾಂಡ್‌ಗೆ /ಆರ್ ಸೇರಿಸಿ ಕೊಟ್ಟರೆ ಅದರ ಗಾತ್ರದೊಂದಿಗೆ ಕಾಣುತ್ತದೆ.

ಇಲ್ಲಿಗೆ ಮುಗಿಯಲಿಲ್ಲ. ಯಾರೋ ಸೆಕೆಂಡ್ ಕೂಡ ಬೇಕು ಎಂದರು, “10:30:15” ಮಾಡಿದಿರಿ. ಈಗ ತಟ್ಟನೆ 123 ಬರುತ್ತದೆ. ಎರಡನೇ ಕೋಲನ್ ನಂತರದ್ದನ್ನು ಸ್ಟ್ರೀಮ್‌ನ ಬಗೆ ಎಂದು ಓದುತ್ತದೆ, ಹಾಗೊಂದು ಬಗೆ ಇಲ್ಲ. “ಸೆಕೆಂಡ್ ಸೇರಿಸಿದ್ದಕ್ಕೆ ಕೆಟ್ಟಿತು” ಎಂದು ನಿಮಗೆ ಅನಿಸುತ್ತದೆ. ಅದು ಮೊದಲಿನಿಂದಲೂ ಕೆಟ್ಟೇ ಇತ್ತು. ಹಾಗೆಯೇ ಮೊದಲನೇ ರೂಪವನ್ನು ಎಫ್‌ಎಟಿ32 ಅಥವಾ ಎಕ್ಸ್‌ಎಫ್‌ಎಟಿ ಪೆನ್ ಡ್ರೈವ್ ಮೇಲೆ ಓಡಿಸಿದರೂ ಸೋಲುತ್ತದೆ, ಏಕೆಂದರೆ ಅಲ್ಲಿ ಸ್ಟ್ರೀಮ್ ಎಂಬುದೇ ಇಲ್ಲ. “ಪೆನ್ ಡ್ರೈವ್‌ಗೆ ಮಾತ್ರ ಸೇವ್ ಆಗಲ್ಲ” ಎಂಬ ದೂರು ಬಂದರೆ ಪೆನ್ ಡ್ರೈವ್ ಬದಲಿಸುವ ಮುಂಚೆ ಹೆಸರು ನೋಡಿ.

ಕೋಲನ್‌ನ ಅಣ್ಣ ಸ್ಲ್ಯಾಶ್. ದಿನಾಂಕವನ್ನು ಮಷೀನ್‌ನ ರೀಜನಲ್ ಸೆಟಿಂಗ್‌ನಂತೆ ಹೆಸರಿಗೆ ಸೇರಿಸಿದರೆ ಒಂದು ಮಷೀನ್‌ನಲ್ಲಿ 12-05-2025 ಬರುತ್ತದೆ, ಇನ್ನೊಂದರಲ್ಲಿ 12/05/2025. ಎರಡನೆಯದರಲ್ಲಿ ವಿಂಡೋಸ್ 12 ಎಂಬ ಫೋಲ್ಡರ್, ಅದರೊಳಗೆ 05 ಎಂಬ ಫೋಲ್ಡರ್ ಹುಡುಕುತ್ತದೆ, 3 ಬರುತ್ತದೆ. ಇದಕ್ಕೆ ಮದ್ದು ಎಂದು “ಫೋಲ್ಡರ್ ಇಲ್ಲದಿದ್ದರೆ ಮಾಡಿಬಿಡು” ಎಂಬ ಸಾಲು ಸೇರಿಸಿದವರ ಡಿಸ್ಕ್‌ನಲ್ಲಿ 1ರಿಂದ 31ರವರೆಗೆ ಫೋಲ್ಡರ್‌ಗಳ ಸಂತೆಯೇ ನೆರೆದಿರುತ್ತದೆ. ಫೈಲ್ ಹೆಸರಿಗೆ ಹೋಗುವ ದಿನಾಂಕದ ರೂಪವನ್ನು ಕೋಡ್‌ನಲ್ಲೇ ಕಟ್ಟಿಹಾಕಿ: 2025-05-12_103015. ವರ್ಷ ಮೊದಲು ಬಂದರೆ ಪಟ್ಟಿಯೂ ತಾನಾಗಿ ಕ್ರಮದಲ್ಲಿ ನಿಲ್ಲುತ್ತದೆ.

ಬ್ಯಾಕ್‌ಸ್ಲ್ಯಾಶ್‌ನದ್ದು ಇನ್ನೊಂದು ಪುರಾಣ. ಸಿ, ಜಾವಾ, ಪೈಥಾನ್, ಸಿ ಶಾರ್ಪ್ ಎಲ್ಲದರಲ್ಲೂ ಸ್ಟ್ರಿಂಗ್‌ನೊಳಗೆ ಬ್ಯಾಕ್‌ಸ್ಲ್ಯಾಶ್ ಪಕ್ಕ ಟಿ ಬಂದರೆ ಟ್ಯಾಬ್, ಎನ್ ಬಂದರೆ ಹೊಸ ಸಾಲು. ಟೆಂಪ್ ಎಂಬ ಫೋಲ್ಡರ್‌ನ ಪಾತ್‌ನಲ್ಲಿ ಟ್ಯಾಬ್ ಸೇರಿಕೊಂಡು 123 ಬರುತ್ತದೆ. ಡೇಟಾ ಎಂಬ ಫೋಲ್ಡರ್‌ನೊಂದಿಗೆ ಅದೇ ಕೋಡ್ ಪೈಥಾನ್‌ನಲ್ಲಿ ಸುಮ್ಮನೆ ಕೆಲಸ ಮಾಡಿಬಿಡುತ್ತದೆ, ಏಕೆಂದರೆ ಬ್ಯಾಕ್‌ಸ್ಲ್ಯಾಶ್ ಪಕ್ಕ ಡಿ ಬಂದರೆ ಅದಕ್ಕೆ ವಿಶೇಷ ಅರ್ಥವಿಲ್ಲ. ಆದ್ದರಿಂದ “ಒಂದು ಫೋಲ್ಡರ್ ಆಗುತ್ತದೆ, ಇನ್ನೊಂದು ಆಗುವುದಿಲ್ಲ” ಎಂದಾಗ ಫೋಲ್ಡರ್‌ನ ಮೊದಲ ಅಕ್ಷರ ಯಾವುದು ಎಂದು ಕೇಳಿ. ಪಾತ್ ಜೋಡಿಸಲು ಆಯಾ ಭಾಷೆಯ ಪಾತ್ ಫಂಕ್ಷನ್ ಬಳಸಿ. ಕೂಡಿಸುವ ಚಿಹ್ನೆ ಹಾಕಿ ಕೈಯಾರೆ ಹೆಣೆಯಬೇಡಿ.

ಕೊನೆಯ ಸ್ಪೇಸ್ ಬಗ್ಗೆ ಆಗಲೇ ಹೇಳಿದೆ, ಅದರ ಕೆಲಸವನ್ನು ಹತ್ತಿರದಿಂದ ನೋಡಿ. ಬಳಕೆದಾರ ಟೆಕ್ಸ್ಟ್ ಬಾಕ್ಸ್‌ನಲ್ಲಿ ಫೋಲ್ಡರ್ ಹೆಸರು ಟೈಪ್ ಮಾಡಿ ಕೊನೆಗೆ ಒಂದು ಸ್ಪೇಸ್ ಒತ್ತಿದ. ಫೋಲ್ಡರ್ ಮಾಡುವಾಗ ಆ ಹೆಸರು ಪಾತ್‌ನ ಕೊನೆಯಲ್ಲಿದೆ. ಕೊನೆಯ ಸ್ಪೇಸ್ ಮತ್ತು ಚುಕ್ಕಿಗಳನ್ನು ವಿಂಡೋಸ್ ಸದ್ದಿಲ್ಲದೆ ಕತ್ತರಿಸುತ್ತದೆ. ಸ್ಪೇಸ್ ಇಲ್ಲದ ಫೋಲ್ಡರ್ ಆಯಿತು. ಮುಂದಿನ ಸಾಲಿನಲ್ಲಿ ಅದೇ ಹೆಸರಿನ ಮುಂದೆ ಫೈಲ್ ಹೆಸರು ಜೋಡಿಸಿ ತೆರೆಯುತ್ತೀರಿ. ಈಗ ಆ ಸ್ಪೇಸ್ ಪಾತ್‌ನ ನಡುವೆ ಇದೆ, ನಡುವಿನದನ್ನು ವಿಂಡೋಸ್ ಕತ್ತರಿಸುವುದಿಲ್ಲ. ಸ್ಪೇಸ್ ಇರುವ ಫೋಲ್ಡರ್ ಇಲ್ಲವಲ್ಲ, ಎರರ್ 3. ಒಂದು ಸಾಲು ಮುಂಚೆ ನೀವೇ ಮಾಡಿದ ಫೋಲ್ಡರ್ “ಇಲ್ಲ” ಎನ್ನುತ್ತಿದೆ! ಹೆಸರು ಪಡೆದ ಜಾಗದಲ್ಲೇ ಟ್ರಿಮ್ ಮಾಡಿದರೆ (ಅಂಚಿನ ಸ್ಪೇಸ್ ಕತ್ತರಿಸಿದರೆ) ಇದು ಹುಟ್ಟುವುದೇ ಇಲ್ಲ. ಅದೇ ಜಾಗದಲ್ಲಿ ಸಿಒಎನ್, ಪಿಆರ್‌ಎನ್, ಎಯುಎಕ್ಸ್, ಎನ್‌ಯುಎಲ್, ಸಿಒಎಂ1ರಿಂದ 9, ಎಲ್‌ಪಿಟಿ1ರಿಂದ 9 ಈ ಹೆಸರುಗಳನ್ನೂ ತಡೆಯಿರಿ. ಇವು ಡಾಸ್ ಕಾಲದ ಸಾಧನಗಳ ಹೆಸರು, ಇನ್ನೂ ಜೀವಂತವಾಗಿವೆ.

ಕನ್ನಡದ ಹೆಸರುಗಳಿಗೆ ಬರೋಣ. ವಿಂಡೋಸ್‌ನ ಹಳೆಯ ಎಎನ್‌ಎಸ್‌ಐ ಫಂಕ್ಷನ್‌ಗಳಿಗೆ, ಅಂದರೆ ಹೆಸರಿನ ಕೊನೆಗೆ ಎ ಅಕ್ಷರ ಇರುವ ಕ್ರಿಯೇಟ್‌ಫೈಲ್‌ಎ ಮುಂತಾದವುಗಳಿಗೆ, ಮಷೀನ್‌ನ ಕೋಡ್ ಪೇಜ್ ಎಂಬ ಅಕ್ಷರಪಟ್ಟಿಯೊಳಗಿನ ಅಕ್ಷರಗಳು ಮಾತ್ರ ಗೊತ್ತು. ಆ ಕೋಡ್ ಪೇಜ್‌ಗಳಲ್ಲಿ ಕನ್ನಡ ಇಲ್ಲ. ಯೂನಿಕೋಡ್ ಹೆಸರನ್ನು ಅದಕ್ಕೆ ಪರಿವರ್ತಿಸಿದರೆ ಪ್ರತಿ ಅಕ್ಷರವೂ ಪ್ರಶ್ನೆಚಿಹ್ನೆ ಆಗುತ್ತದೆ. ಪ್ರಶ್ನೆಚಿಹ್ನೆ ಫೈಲ್ ಹೆಸರಿನಲ್ಲಿ ನಿಷಿದ್ಧ, ಹಾಗಾಗಿ 123. ನಿಮ್ಮ ಫೈಲ್ ಹೆಸರು ಇಂಗ್ಲಿಷಿನಲ್ಲೇ ಇದ್ದರೂ ಬಳಕೆದಾರರ ಪ್ರೊಫೈಲ್ ಫೋಲ್ಡರ್ ಕನ್ನಡದಲ್ಲಿದ್ದರೆ ಸಾಕು, ಅದರೊಳಗೆ ಏನೂ ಆಗುವುದಿಲ್ಲ. ವಿಂಡೋಸ್‌ನಲ್ಲಿ ಬರೀ ಎಫ್‌ಓಪನ್ ಬಳಸುವ ಸಿ ಪ್ರೋಗ್ರಾಂಗಳು ಬೀಳುವುದು ಇಲ್ಲೇ. ಯೂನಿಕೋಡ್ ಫಂಕ್ಷನ್‌ಗಳಿಗೆ ಬದಲಾಯಿಸಿ. ಅಥವಾ ವಿಂಡೋಸ್ 10ರ 1903 ಆವೃತ್ತಿಯಿಂದ ಈಚೆಗೆ ಪ್ರೋಗ್ರಾಂನ ಮ್ಯಾನಿಫೆಸ್ಟ್‌ನಲ್ಲಿ (ಇಎಕ್ಸ್‌ಇ ಜೊತೆಗಿರುವ ವಿವರಪಟ್ಟಿ) ಆಕ್ಟಿವ್ ಕೋಡ್ ಪೇಜ್ ಯುಟಿಎಫ್-8 ಎಂದು ಹೇಳಬಹುದು.

ಉದ್ದದ ಲೆಕ್ಕವೂ ಕನ್ನಡಕ್ಕೆ ಬೇರೆಯೇ. ಎನ್‌ಟಿಎಫ್‌ಎಸ್‌ನಲ್ಲಿ ಒಂದು ಹೆಸರಿಗೆ 255 ಯುಟಿಎಫ್-16 ಘಟಕಗಳ ಮಿತಿ. ಲಿನಕ್ಸ್‌ನ ಎಕ್ಸ್ಟ್4ನಲ್ಲಿ 255 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಕೋಡ್ ಪಾಯಿಂಟ್‌ಗೆ (ಯೂನಿಕೋಡ್ ಒಂದು ಚಿಹ್ನೆಗೆ ಕೊಟ್ಟ ಸಂಖ್ಯೆ) 3 ಬೈಟ್ ಬೇಕು. ಅಲ್ಲಿಗೆ ಉಳಿದದ್ದು 85. “ಕ್ಷ” ಕಣ್ಣಿಗೆ ಒಂದೇ ಅಕ್ಷರ, ಒಳಗೆ ಮೂರು ಕೋಡ್ ಪಾಯಿಂಟ್, 9 ಬೈಟ್. ಲೇಖನದ ಶೀರ್ಷಿಕೆಯನ್ನೇ ಫೈಲ್ ಹೆಸರು ಮಾಡುವ ಪ್ರೋಗ್ರಾಂ ವಿಂಡೋಸ್‌ನಲ್ಲಿ ಸರಾಗವಾಗಿ ಓಡಿ ಲಿನಕ್ಸ್‌ನಲ್ಲಿ 36, ಅಂದರೆ “ಹೆಸರು ತುಂಬಾ ಉದ್ದ” ಎನ್ನುವುದು ಇದಕ್ಕೆ. ಹೆಸರು ಕತ್ತರಿಸುವಾಗ ಬೈಟ್ ಎಣಿಸಿ ನಡುವೆ ಕುಯ್ಯಬೇಡಿ, ಅಕ್ಷರದ ಗಡಿಯಲ್ಲಿ ಕುಯ್ಯಿರಿ. ಇನ್ನು “ಕೊ” ಎಂಬುದನ್ನು ಒಂದೇ ಸ್ವರಚಿಹ್ನೆಯಿಂದಲೂ ಬರೆಯಬಹುದು, ಎತ್ವ ಮತ್ತು ಊಕಾರದ ಕೊಂಬು ಎರಡನ್ನು ಬಿಡಿಬಿಡಿಯಾಗಿ ಸೇರಿಸಿಯೂ ಬರೆಯಬಹುದು. ಕೆಲವು ಕೀಬೋರ್ಡ್‌ಗಳು ಪದದ ಕೊನೆಯ ಅರ್ಧಾಕ್ಷರದ ಚಿಹ್ನೆಯ (್) ನಂತರ ಜೋಡಕ ಎಂಬ ಕಣ್ಣಿಗೆ ಕಾಣದ ಅಕ್ಷರವನ್ನೂ ಸೇರಿಸುತ್ತವೆ. ಒಂದೇ ಫೋಲ್ಡರ್‌ನಲ್ಲಿ ಒಂದೇ ಹೆಸರಿನ ಎರಡು ಫೈಲ್ ಕಂಡರೆ ಗಾಬರಿಯಾಗಬೇಡಿ, ಎರಡೂ ಹೆಸರಿನ ಕೋಡ್ ಪಾಯಿಂಟ್‌ಗಳನ್ನು ಮುದ್ರಿಸಿ ನೋಡಿ. ಹೆಸರನ್ನು ಬಳಸುವ ಮುಂಚೆ ಎನ್‌ಎಫ್‌ಸಿ ರೂಪಕ್ಕೆ (ಬಿಡಿ ಚಿಹ್ನೆಗಳನ್ನು ಒಂದಾಗಿ ಕೂಡಿಸಿದ ಯೂನಿಕೋಡ್ ರೂಪ) ತರುವುದು ಒಳ್ಳೆಯ ಅಭ್ಯಾಸ. ಜೋಡಕವನ್ನು ಮಾತ್ರ ಅದು ತೆಗೆಯುವುದಿಲ್ಲ, ಕೊನೆಯಲ್ಲಿದ್ದರೆ ನೀವೇ ತೆಗೆಯಬೇಕು.

ವಿಂಡೋಸ್‌ನ ಇಡೀ ಪಾತ್‌ನ ಮಿತಿ 260, ಕೊನೆಯ ಶೂನ್ಯವೂ ಸೇರಿ. ಫೋಲ್ಡರ್ ಮಾಡುವಾಗ 248, ಏಕೆಂದರೆ ಒಳಗೆ 8.3 ಮಾದರಿಯ (ಹೆಸರಿಗೆ 8, ಚುಕ್ಕಿ, ಎಕ್ಸ್‌ಟೆನ್ಷನ್‌ಗೆ 3) ಒಂದು ಫೈಲ್ ಹೆಸರಿಗಾದರೂ 12 ಅಕ್ಷರ ಬಿಡಬೇಕು. ವಿಂಡೋಸ್ 10ರ 1607 ಆವೃತ್ತಿಯಿಂದ ಈ ಮಿತಿ ದಾಟಬಹುದು, ಆದರೆ ರಿಜಿಸ್ಟ್ರಿಯ ಸೆಟಿಂಗ್ ಮತ್ತು ಪ್ರೋಗ್ರಾಂನ ಮ್ಯಾನಿಫೆಸ್ಟ್ ಎರಡೂ ಒಪ್ಪಿರಬೇಕು. ಒಂದನ್ನೇ ಮಾಡಿ “ಆಗಲಿಲ್ಲ” ಎನ್ನುವವರೇ ಹೆಚ್ಚು.

ಲಾಗ್‌ನಲ್ಲಿ ಏನೂ ಸಿಗದಿದ್ದಾಗ, ಅಥವಾ ಕೋಡ್ ನಿಮ್ಮದಲ್ಲದಿದ್ದಾಗ, ಪ್ರೋಸೆಸ್ ಮಾನಿಟರ್ ತೆಗೆಯಿರಿ. ಸಿಸ್ಇಂಟರ್ನಲ್ಸ್‌ನ ಈ ಉಚಿತ ಟೂಲ್ ಫೈಲ್ ಸಿಸ್ಟಂಗೆ ಹೋಗುವ ಪ್ರತಿ ಕೋರಿಕೆಯನ್ನೂ ತೋರಿಸುತ್ತದೆ. ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ತೆರೆದ ಕೂಡಲೇ ಸಾಲುಗಳು ಹೊಳೆಯಂತೆ ಹರಿಯಲು ಶುರುವಾಗುತ್ತವೆ. ಕಂಟ್ರೋಲ್ ಇ ಒತ್ತಿ ನಿಲ್ಲಿಸಿ, ಕಂಟ್ರೋಲ್ ಎಕ್ಸ್ ಒತ್ತಿ ಅಳಿಸಿ. ಕಂಟ್ರೋಲ್ ಎಲ್ ಒತ್ತಿ ಫಿಲ್ಟರ್‌ನಲ್ಲಿ ಪ್ರೋಸೆಸ್ ನೇಮ್ ನಿಮ್ಮ ಇಎಕ್ಸ್‌ಇ ಎಂದು ಹಾಕಿ. ಮತ್ತೆ ಕಂಟ್ರೋಲ್ ಇ, ಪ್ರೋಗ್ರಾಂನಲ್ಲಿ ಸೇವ್ ಬಟನ್ ಒಂದೇ ಒಂದು ಸಲ ಒತ್ತಿ, ತಕ್ಷಣ ನಿಲ್ಲಿಸಿ. ಈಗ ನಿಮ್ಮ ಮುಂದಿರುವುದು ಕೆಲವು ನೂರು ಸಾಲು, ಲಕ್ಷಗಳಲ್ಲ.

ಆಪರೇಷನ್ ಕಾಲಂನಲ್ಲಿ ಕ್ರಿಯೇಟ್‌ಫೈಲ್ ಎಂದು ಕಂಡಲ್ಲೆಲ್ಲ ಹೊಸ ಫೈಲ್ ಆಗುತ್ತಿದೆ ಎಂದು ತಿಳಿಯಬೇಡಿ. ತೆರೆಯುವುದು, ಇದೆಯೇ ಎಂದು ನೋಡುವುದು, ಫೋಲ್ಡರ್ ಮಾಡುವುದು ಎಲ್ಲಕ್ಕೂ ಅದೇ ಹೆಸರು. ಡೀಟೇಲ್ ಕಾಲಂನಲ್ಲಿ ಡಿಸ್ಪೊಸಿಷನ್ ಎಂಬುದನ್ನು ನೋಡಿ: ಓಪನ್ ಎಂದಿದ್ದರೆ ಇರುವುದನ್ನು ಮಾತ್ರ ತೆರೆ ಎಂದು ಕೇಳಿದ್ದು, ಕ್ರಿಯೇಟ್ ಎಂದಿದ್ದರೆ ಹೊಸದು ಬೇಕು ಎಂದು, ಓವರ್‌ರೈಟ್‌ಇಫ್ ಎಂದಿದ್ದರೆ ಇದ್ದರೂ ಅಳಿಸಿ ಬರೆ ಎಂದು. ರಿಸಲ್ಟ್‌ನಲ್ಲಿ ನೇಮ್ ನಾಟ್ ಫೌಂಡ್ ಕಂಡು ಹಿಗ್ಗಬೇಡಿ. ಇಲ್ಲವೆಂದು ಖಾತ್ರಿ ಮಾಡಿಕೊಂಡು ಆಮೇಲೆ ಹೊಸದು ಮಾಡುವ ಪ್ರೋಗ್ರಾಂನಲ್ಲಿ ಅದು ಸಹಜ. ಹುಡುಕಬೇಕಾದ್ದು ಪಾತ್ ನಾಟ್ ಫೌಂಡ್, ಆಕ್ಸೆಸ್ ಡಿನೈಡ್, ಶೇರಿಂಗ್ ವಯೊಲೇಷನ್, ನೇಮ್ ಕೊಲಿಷನ್, ಡಿಲೀಟ್ ಪೆಂಡಿಂಗ್. ಆಗ ಹೇಳಿದ ಐದು ಬಗೆಯ 5ರಲ್ಲಿ ಕೊನೆಯದು ಇಲ್ಲಿ ಡಿಲೀಟ್ ಪೆಂಡಿಂಗ್ ಎಂದು ತನ್ನ ನಿಜವಾದ ಹೆಸರಿನಲ್ಲಿ ಕಾಣಿಸುತ್ತದೆ. ಸಾಲಿನ ಮೇಲೆ ಡಬಲ್ ಕ್ಲಿಕ್ ಮಾಡಿ ಸ್ಟ್ಯಾಕ್ ಟ್ಯಾಬ್‌ಗೆ ಹೋದರೆ ಆ ಕೋರಿಕೆ ಯಾವ ಡಿಎಲ್‌ಎಲ್‌ನಿಂದ ಹೊರಟಿತು ಎಂಬುದೂ ಸಿಗುತ್ತದೆ.

ಇನ್ನೆರಡು ಸಾಧ್ಯತೆ. ನಿಮ್ಮ ಪಾತ್‌ನ ಸುಳಿವೇ ಪಟ್ಟಿಯಲ್ಲಿಲ್ಲ ಎಂದರೆ ಪ್ರೋಗ್ರಾಂ ಕೇಳಿಯೇ ಇಲ್ಲ; ಎಲ್ಲೋ ಒಂದು ಇಫ್ ಕಂಡಿಷನ್ ತಪ್ಪಿದೆ, ಅಥವಾ ಖಾಲಿ ಕ್ಯಾಚ್ ಬ್ಲಾಕ್ ಎಕ್ಸೆಪ್ಷನ್ ನುಂಗಿದೆ. ಸಕ್ಸೆಸ್ ಎಂದಿದೆ ಆದರೆ ಫೈಲ್ ಇಲ್ಲ ಎಂದರೆ, ಪ್ರೋಸೆಸ್ ಫಿಲ್ಟರ್ ತೆಗೆದು ಪಾತ್ ಮೇಲೆ ಮಾತ್ರ ಫಿಲ್ಟರ್ ಹಾಕಿ ಮತ್ತೆ ಹಿಡಿಯಿರಿ. ಆಗ ಆಂಟಿವೈರಸ್ಸೋ ಸಿಂಕ್ ಪ್ರೋಗ್ರಾಮೋ ಬಂದು ಅದನ್ನು ಅಳಿಸಿದ್ದು, ಸೆಟ್‌ಡಿಸ್ಪೊಸಿಷನ್‌ಇನ್ಫರ್ಮೇಷನ್ ಎಂದು ಶುರುವಾಗುವ ಸಾಲಿನಲ್ಲಿ, ಅಳಿಸಿದವರ ಹೆಸರಿನೊಂದಿಗೆ ಕಾಣುತ್ತದೆ.

ಡಿಲೀಟ್ ಪೆಂಡಿಂಗ್ ಎಂದೆನಲ್ಲ, ಅದನ್ನು ಬಿಡಿಸೋಣ. ವಿಂಡೋಸ್‌ನಲ್ಲಿ ಫೋಲ್ಡರ್ ಅಳಿಸುವುದು ಅಂದರೆ ಅಳಿಸಬೇಕು ಎಂದು ಗುರುತು ಹಾಕುವುದು. ಅದರ ಮೇಲೆ ತೆರೆದಿರುವ ಕೊನೆಯ ಹ್ಯಾಂಡಲ್ (ಪ್ರೋಗ್ರಾಂ ಅದನ್ನು ಹಿಡಿದಿರುವ ಹಿಡಿ) ಮುಚ್ಚಿದಾಗಲೇ ಅದು ಹೋಗುವುದು. “ಹಳೆಯ ಔಟ್‌ಪುಟ್ ಅಳಿಸು, ಹೊಸದು ಮಾಡು” ಎಂದು ಎರಡು ಸಾಲು ಬರೆದಿದ್ದೀರಿ. ನಡುವೆ ಸರ್ಚ್ ಇಂಡೆಕ್ಸರೋ ಎಕ್ಸ್‌ಪ್ಲೋರರ್ ವಿಂಡೋವೋ ಆ ಫೋಲ್ಡರನ್ನು ಹಿಡಿದಿದ್ದರೆ ಎರಡನೇ ಸಾಲು ಸೋಲುತ್ತದೆ. ಡಿಬಗರ್‌ನಲ್ಲಿ ಸಾಲು ಸಾಲಾಗಿ ನಡೆದರೆ ಸರಿಯಾಗಿ ಆಗುತ್ತದೆ, ಏಕೆಂದರೆ ನಿಮ್ಮ ಬೆರಳು ಎಫ್10 ಒತ್ತುವಷ್ಟರಲ್ಲಿ ಹ್ಯಾಂಡಲ್ ಮುಚ್ಚಿರುತ್ತದೆ. ಹೊಸ ವಿಂಡೋಸ್ 10, 11ರಲ್ಲಿ ಕೆಲವು ಅಳಿಸುವಿಕೆಗಳು ತಕ್ಷಣ ಹೆಸರು ಬಿಟ್ಟುಕೊಡುತ್ತವೆ, ಆದರೆ ಅದನ್ನು ನಂಬಿ ಕೋಡ್ ಬರೆಯಬೇಡಿ. ಸ್ಲೀಪ್ ಹಾಕಿ ತಪ್ಪಿಸಿಕೊಳ್ಳುವುದೂ ನನಗೆ ಒಪ್ಪಿಗೆಯಿಲ್ಲ. ಫೋಲ್ಡರ್ ಹಾಗೇ ಇಟ್ಟು ಒಳಗಿನದನ್ನು ಮಾತ್ರ ಖಾಲಿಮಾಡಿ, ಅಥವಾ ಮೊದಲು ಬೇರೆ ಹೆಸರಿಗೆ ಬದಲಿಸಿ ಆಮೇಲೆ ಅಳಿಸಿ.

ಫೈಲ್ ಹಿಡಿದುಕೊಂಡವರು ನೀವೇ ಆಗಿರುವುದೂ ಉಂಟು. ಡಾಟ್‌ನೆಟ್‌ನಲ್ಲಿ ಫೈಲ್.ಕ್ರಿಯೇಟ್ ಎಂದರೆ ಫೈಲ್ ಮಾಡಿ, ತೆರೆದೇ ಇಟ್ಟು, ಸ್ಟ್ರೀಮ್ ಕೈಗೆ ಕೊಡುತ್ತದೆ. ಆ ಸ್ಟ್ರೀಮನ್ನು ಯಾರೂ ಹಿಡಿಯದೆ, ಮುಚ್ಚದೆ, ಮರುಸಾಲಿನಲ್ಲಿ ಫೈಲ್.ರೈಟ್‌ಆಲ್‌ಟೆಕ್ಸ್ಟ್ ಎಂದರೆ “ಬೇರೊಂದು ಪ್ರೋಸೆಸ್ ಈ ಫೈಲನ್ನು ಬಳಸುತ್ತಿದೆ” ಎಂದು ಬರುತ್ತದೆ. ಆ ಬೇರೊಂದು ಪ್ರೋಸೆಸ್ ನೀವೇ. ಇಲ್ಲಿ ಫೈಲ್.ಕ್ರಿಯೇಟ್ ಸಾಲೇ ಬೇಕಿಲ್ಲ, ರೈಟ್‌ಆಲ್‌ಟೆಕ್ಸ್ಟ್ ಇಲ್ಲದ ಫೈಲನ್ನು ತಾನೇ ಮಾಡಿಕೊಳ್ಳುತ್ತದೆ. ಯಾರು ಹಿಡಿದಿದ್ದಾರೆ ಎಂಬ ಸಂಶಯ ಬಂದರೆ ರಿಸೋರ್ಸ್ ಮಾನಿಟರ್‌ನ ಸಿಪಿಯು ಟ್ಯಾಬ್‌ನಲ್ಲಿ ಅಸೋಸಿಯೇಟೆಡ್ ಹ್ಯಾಂಡಲ್ಸ್ ಎಂಬಲ್ಲಿ ಫೈಲ್ ಹೆಸರು ಕೊಟ್ಟು ಹುಡುಕಿ.

“ಫೋಲ್ಡರ್ ಇದೆಯೇ, ಇಲ್ಲದಿದ್ದರೆ ಮಾಡು” ಎಂಬ ಎರಡು ಹೆಜ್ಜೆಯ ಬಗ್ಗೆಯೂ ಒಂದು ಮಾತು. ನೋಡುವುದಕ್ಕೂ ಮಾಡುವುದಕ್ಕೂ ನಡುವೆ ಇನ್ನೊಂದು ಥ್ರೆಡ್ ಬಂದು ಅದನ್ನು ಮಾಡಿಬಿಡಬಹುದು. ನೇರವಾಗಿ ಮಾಡಲು ಹೋಗಿ. 183 ಬಂದರೆ ಅಲ್ಲಿರುವುದು ಫೋಲ್ಡರೇ ಎಂದು ಖಚಿತಮಾಡಿಕೊಂಡು ಮುಂದುವರಿಯಿರಿ. ಫೋಲ್ಡರೇ ಎಂದು ಯಾಕೆ ನೋಡಬೇಕು? “ಲಾಗ್ಸ್” ಎಂಬ ಫೋಲ್ಡರ್ ಇಲ್ಲದಿದ್ದಾಗ ಯಾರೋ ಒಂದು ಫೈಲನ್ನು ಲಾಗ್ಸ್‌ಗೆ ಕಾಪಿ ಮಾಡಿದರೆ, ಲಾಗ್ಸ್ ಎಂಬ ಹೆಸರಿನ ಫೈಲ್ ಹುಟ್ಟುತ್ತದೆ. ಆಮೇಲೆ ಡೈರೆಕ್ಟರಿ ಇದೆಯೇ ಎಂದರೆ ಇಲ್ಲ, ಮಾಡು ಎಂದರೆ ಆಗಲೇ ಇದೆ. ಜಾವಾದಲ್ಲಿ ಎಂಕೆಡಿಐಆರ್‌ಎಸ್ ಬರೀ ಫಾಲ್ಸ್ ಎನ್ನುತ್ತದೆ, ಕಾರಣ ಹೇಳುವುದಿಲ್ಲ. ಫೈಲ್ಸ್.ಕ್ರಿಯೇಟ್‌ಡೈರೆಕ್ಟರೀಸ್ ಬಳಸಿದರೆ ಕಾರಣವಿರುವ ಎಕ್ಸೆಪ್ಷನ್ ಸಿಗುತ್ತದೆ.

ಆಗ ಮುಂದೂಡಿದ ಪ್ರಶ್ನೆ: ಬೇರು ಫೋಲ್ಡರ್ ಎಲ್ಲಿ? ಪ್ರೋಗ್ರಾಂ ಫೈಲ್ಸ್‌ನೊಳಗೆ ಬೇಡ. ಅಲ್ಲಿ ಸಾಮಾನ್ಯ ಬಳಕೆದಾರರಿಗೆ ಬರೆಯುವ ಹಕ್ಕಿಲ್ಲ. ಮ್ಯಾನಿಫೆಸ್ಟ್ ಇಲ್ಲದ ಹಳೆಯ 32 ಬಿಟ್ ಪ್ರೋಗ್ರಾಂ ಅಲ್ಲಿ ಬರೆದರೆ ವಿಸ್ಟಾ ಕಾಲದಿಂದ ವಿಂಡೋಸ್ ಒಂದು ಜಾಣತನ ಮಾಡುತ್ತದೆ: ಸಕ್ಸೆಸ್ ಎಂದು ಹೇಳಿ ಫೈಲನ್ನು ಬಳಕೆದಾರರ ಲೋಕಲ್ ಆಪ್‌ಡೇಟಾದಲ್ಲಿರುವ ವರ್ಚುವಲ್‌ಸ್ಟೋರ್‌ನೊಳಗೆ ಇಡುತ್ತದೆ. ಪ್ರೋಗ್ರಾಂಗೆ ಕಾಣುತ್ತದೆ, ಎಕ್ಸ್‌ಪ್ಲೋರರ್‌ನಲ್ಲಿ ಕಾಣುವುದಿಲ್ಲ, ಇನ್ನೊಬ್ಬ ಬಳಕೆದಾರ ಲಾಗಿನ್ ಆದರೆ ಅವನಿಗೂ ಕಾಣುವುದಿಲ್ಲ. ಇದನ್ನು ತಪ್ಪಿಸಲು ಇನ್‌ಸ್ಟಾಲರ್‌ನಲ್ಲಿ ಆ ಫೋಲ್ಡರ್‌ಗೆ ಎಲ್ಲರಿಗೂ ಫುಲ್ ಕಂಟ್ರೋಲ್ ಕೊಡುವವರಿದ್ದಾರೆ. ದಯವಿಟ್ಟು ಬೇಡ. ಯಾರು ಬೇಕಾದರೂ ನಿಮ್ಮ ಇಎಕ್ಸ್‌ಇ ಜಾಗದಲ್ಲಿ ಬೇರೆ ಇಎಕ್ಸ್‌ಇ ಇಡಬಹುದಾದ ಬಾಗಿಲು ಅದು. ಸೆಟಿಂಗ್ಸ್‌ಗೆ ಆಪ್‌ಡೇಟಾ, ಬಳಕೆದಾರರ ದಾಖಲೆಗಳಿಗೆ ಡಾಕ್ಯುಮೆಂಟ್ಸ್. ಅದರ ಪಾತನ್ನೂ ಸಿಸ್ಟಂ ಕೊಡುವ ಫಂಕ್ಷನ್‌ನಿಂದ ಕೇಳಿ ಪಡೆಯಿರಿ; ಒನ್‌ಡ್ರೈವ್ ಡಾಕ್ಯುಮೆಂಟ್ಸನ್ನು ಬೇರೆಡೆಗೆ ಸಾಗಿಸಿರಬಹುದು, ಊಹಿಸಿ ಹೆಣೆದ ಪಾತ್ ಹಳೆಯ ಜಾಗಕ್ಕೆ ಹೋಗುತ್ತದೆ. ಡಾಕ್ಯುಮೆಂಟ್ಸ್‌ಗೆ ಮಾತ್ರ ಬರೆಯಲಾಗುತ್ತಿಲ್ಲ, ಅನುಮತಿಯೆಲ್ಲ ಸರಿಯಿದೆ ಎಂದರೆ ವಿಂಡೋಸ್ ಡಿಫೆಂಡರ್‌ನ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ನೋಡಿ. ಅದು ತಡೆದಿದ್ದರೆ ಈವೆಂಟ್ ವ್ಯೂಅರ್‌ನಲ್ಲಿ ಡಿಫೆಂಡರ್‌ನ ಆಪರೇಷನಲ್ ಲಾಗ್‌ನಲ್ಲಿ 1123 ಎಂಬ ಸಂಖ್ಯೆ ಇರುತ್ತದೆ.

ಲಿನಕ್ಸ್, ಮ್ಯಾಕ್ ಬಗ್ಗೆ ಚುಟುಕಾಗಿ. ಲಿನಕ್ಸ್‌ನಲ್ಲಿ ಹೊಸ ಫೈಲ್‌ಗೆ ಬೇಕಾದ ಅನುಮತಿ ಫೈಲ್‌ನದ್ದಲ್ಲ, ಅದರ ಫೋಲ್ಡರ್‌ನದ್ದು: ಬರೆಯುವ ಹಕ್ಕು, ಒಳಹೋಗುವ ಹಕ್ಕು ಎರಡೂ ಬೇಕು. ಒಂದು ಸಲ ಸುಡೋ ಹಾಕಿ, ಅಂದರೆ ರೂಟ್ (ಅಡ್ಮಿನಿಸ್ಟ್ರೇಟರ್) ಹಕ್ಕಿನಲ್ಲಿ, ಓಡಿಸಿದ ಪ್ರೋಗ್ರಾಂ ಹೋಂ ಫೋಲ್ಡರ್‌ನಲ್ಲಿ ರೂಟ್ ಹೆಸರಿನ ಸೆಟಿಂಗ್ಸ್ ಬಿಟ್ಟುಹೋಗಬಹುದು, ಮರುದಿನದಿಂದ ಸುಡೋ ಇಲ್ಲದೆ 13. ಜಾಗ ಇದ್ದೂ 28, ಅಂದರೆ “ಜಾಗವಿಲ್ಲ”, ಬಂದರೆ ಡಿಎಫ್ ಕಮಾಂಡ್‌ಗೆ -ಐ ಕೊಟ್ಟು ಐನೋಡ್ (ಪ್ರತಿ ಫೈಲ್‌ಗೂ ಬೇಕಾದ ದಾಖಲೆಯ ಜಾಗ) ಮುಗಿದಿದೆಯೇ ನೋಡಿ. ಪ್ರೋಸೆಸ್ ಮಾನಿಟರ್‌ನ ಕೆಲಸವನ್ನು ಅಲ್ಲಿ ಎಸ್‌ಟ್ರೇಸ್ ಮಾಡುತ್ತದೆ. ಮ್ಯಾಕ್‌ನಲ್ಲಿ ಡೌನ್‌ಲೋಡ್ಸ್‌ನಿಂದಲೇ ನೇರ ತೆರೆದ ಆಪ್ ಅನ್ನು 10.12 ಆವೃತ್ತಿಯಿಂದ ಸಿಸ್ಟಂ ಒಂದು ಯಾದೃಚ್ಛಿಕ, ರೀಡ್ ಓನ್ಲಿ ಜಾಗದಿಂದ ಓಡಿಸಬಹುದು. ಆಪ್ ಪಕ್ಕದಲ್ಲೇ ಫೈಲ್ ಮಾಡುವ ಕೋಡ್ ಅಲ್ಲಿ ಸೋಲುತ್ತದೆ.

ತಿಂಗಳುಗಟ್ಟಲೆ ಸರಿಯಿದ್ದು ಒಂದು ದಿನ ನಿಂತುಹೋಗುವ ಬಗೆಯದ್ದೂ ಒಂದಿದೆ. ವಿಂಡೋಸ್‌ನ ಗೆಟ್‌ಟೆಂಪ್‌ಫೈಲ್‌ನೇಮ್ ನಾಲ್ಕು ಹೆಕ್ಸ್ ಅಂಕಿಯ ಹೆಸರು ಕೊಡುತ್ತದೆ, ಅಂದರೆ ಒಂದು ಪ್ರಿಫಿಕ್ಸ್‌ಗೆ 65,535 ಹೆಸರು. ಬಳಸಿದ ಟೆಂಪ್ ಫೈಲ್ ಅಳಿಸದ ಪ್ರೋಗ್ರಾಂ ಮೊದಲು ನಿಧಾನವಾಗುತ್ತದೆ, ಆಮೇಲೆ 80, ಅಂದರೆ “ಫೈಲ್ ಆಗಲೇ ಇದೆ”, ಎಂದು ನಿಲ್ಲುತ್ತದೆ. ಟೆಂಪ್ ಖಾಲಿಮಾಡಿದರೆ ಗುಣ, ಆದರೆ ಕಾಯಿಲೆ ಅಳಿಸದ ಕೋಡ್‌ನಲ್ಲಿದೆ.

ಬಿಡುಗಡೆಗೆ ಮುಂಚೆ ಪರೀಕ್ಷೆ ಮಾಡುವಾಗ ಅಡ್ಮಿನ್ ಅಲ್ಲದ ಒಂದು ಖಾತೆ ತೆರೆಯಿರಿ, ಪ್ರೊಫೈಲ್ ಹೆಸರು ಕನ್ನಡದಲ್ಲಿರಲಿ, ನಡುವೆ ಒಂದು ಸ್ಪೇಸ್ ಇರಲಿ. 240 ಅಕ್ಷರ ದಾಟುವ ಫೋಲ್ಡರ್‌ನೊಳಗೆ ಸೇವ್ ಮಾಡಿ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಣ್ಣ ವರ್ಚುವಲ್ ಡಿಸ್ಕ್ ಒಂದನ್ನು ಮಾಡಿ, ತುಂಬಿಸಿ, ಅಲ್ಲಿಗೂ ಸೇವ್ ಮಾಡಿ. ಇದನ್ನು ಬಹುತೇಕರು ಬಿಡುತ್ತಾರೆ. ತುಂಬಿದ ಡಿಸ್ಕ್‌ನಲ್ಲಿ ಫೈಲ್ ಸಲೀಸಾಗಿ ಹುಟ್ಟಬಹುದು, ಎಫ್‌ರೈಟ್ ಕೂಡ ಸರಿ ಎನ್ನಬಹುದು, ಏಕೆಂದರೆ ಬರೆದದ್ದು ಇನ್ನೂ ಮೆಮೊರಿಯ ಬಫರ್‌ನಲ್ಲಿದೆ. ಸೋಲು ಕಾಣುವುದು ಎಫ್‌ಕ್ಲೋಸ್‌ನಲ್ಲಿ. ಅದು ಏನು ಮರಳಿಸಿತು ಎಂದು ನಿಮ್ಮ ಕೋಡ್ ನೋಡದಿದ್ದರೆ, “ಸೇವ್ ಆಯಿತು” ಎಂದು ಹೇಳಿದ ಪ್ರೋಗ್ರಾಂನ ಹಿಂದೆ 0 ಬೈಟ್‌ನ ಫೈಲ್ ಕುಳಿತಿರುತ್ತದೆ, ಹಳೆಯ ಫೈಲ್ ಕೂಡ ಹೋಗಿರುತ್ತದೆ. ಅದಕ್ಕೇ ಅದೇ ಫೋಲ್ಡರ್‌ನಲ್ಲಿ ತಾತ್ಕಾಲಿಕ ಹೆಸರಿಗೆ ಬರೆದು, ಕ್ಲೋಸ್ ಗೆದ್ದ ಮೇಲಷ್ಟೇ ನಿಜವಾದ ಹೆಸರಿಗೆ ಬದಲಿಸಿ. ಅದೇ ಫೋಲ್ಡರ್ ಎನ್ನುವುದನ್ನು ಮರೆಯಬೇಡಿ. ಟೆಂಪ್ ಬೇರೆ ಡ್ರೈವ್‌ನಲ್ಲಿದ್ದರೆ ಹೆಸರು ಬದಲಿಸುವುದು ಕಾಪಿಯಾಗಿ ಮಾರ್ಪಡುತ್ತದೆ ಅಥವಾ 17, ಅಂದರೆ “ಬೇರೆ ಡ್ರೈವ್”, ಎಂದು ಸೋಲುತ್ತದೆ, ಕಾಪಿ ನಡುವೆ ನಿಂತರೆ ಮತ್ತೆ ಅರ್ಧ ಫೈಲ್.